ಖಳನ ಚಹರೆ ಮತ್ತು ಪ್ರಭುತ್ವದ ನೋಟ: ತ್ಸೆಂದಿನ್ ದಾಮ್ದಿನ್ಸುರೆನ್ ಅವರ ಬದುಕು ಮತ್ತು ಸಂಶೋಧನೆ

1

ವೀರಕಾವ್ಯಗಳ ಅಧ್ಯಯನ ಬಹುಕಾಲ ನಾಯಕಕೇಂದ್ರಿತವಾಗಿಯೇ ನಡೆದುಬಂದಿದೆ. ನಾಯಕನ ಜನನ, ವಿವಾಹ, ಯುದ್ಧ, ವಿಜಯಗಳ ವಿನ್ಯಾಸವನ್ನು ಗುರುತಿಸುವ ಕೆಲಸ ವಿಪುಲವಾಗಿ ನಡೆದಿದೆ. ಆದರೆ ಆತನ ಎದುರಾಳಿಯನ್ನು ಒಂದು ಸಮುದಾಯ ಹೇಗೆ ಕಲ್ಪಿಸಿಕೊಳ್ಳುತ್ತದೆ, ಆ ಕಲ್ಪನೆ ಕಾಲಾಂತರದಲ್ಲಿ ಯಾರ ಅಗತ್ಯಕ್ಕೆ ತಕ್ಕಂತೆ ಮಾರ್ಪಡುತ್ತದೆ ಎಂಬ ಪ್ರಶ್ನೆಗಳು ಹಿನ್ನೆಲೆಯಲ್ಲಿಯೇ ಉಳಿದಿವೆ. ಕನ್ನಡದ ಸಂದರ್ಭದಲ್ಲಿ ರನ್ನನ ದುರ್ಯೋಧನ ಮತ್ತು ನಾಗಚಂದ್ರನ ರಾವಣನನ್ನು ಕುರಿತ ಚರ್ಚೆಗಳು ಈ ಪ್ರಶ್ನೆಯ ಅಂಚನ್ನು ಮುಟ್ಟಿವೆ. ಮಂಗೋಲಿಯಾದಲ್ಲಿ ಇದೇ ಪ್ರಶ್ನೆ ವಿದ್ವತ್ತಿನ ಗಡಿಯನ್ನು ದಾಟಿ ಒಂದು ಕಾವ್ಯದ ಅಳಿವು ಉಳಿವಿನ ಪ್ರಶ್ನೆಯಾಯಿತು. ಆ ಹೊತ್ತಿನಲ್ಲಿ ಕಾವ್ಯದ ಪರವಾಗಿ ವಾದ ಕಟ್ಟಿದ ವಿದ್ವಾಂಸರಲ್ಲಿ ತ್ಸೆಂದಿನ್ ದಾಮ್ದಿನ್ಸುರೆನ್ ಪ್ರಮುಖರು. ಕವಿ, ಕಥೆಗಾರ, ಪತ್ರಿಕಾ ಸಂಪಾದಕ, ಲಿಪಿ ಸುಧಾರಕ, ನಿಘಂಟುಕಾರ ಮತ್ತು ಸಾಹಿತ್ಯ ಚರಿತ್ರಕಾರರಾಗಿ ಅವರು ಇಪ್ಪತ್ತನೆಯ ಶತಮಾನದ ಮಂಗೋಲಿಯಾದ ಸಾಂಸ್ಕೃತಿಕ ಬದುಕಿನ ಬಹುತೇಕ ಎಲ್ಲ ಕ್ಷೇತ್ರಗಳಲ್ಲಿಯೂ ದುಡಿದವರು.

ದಾಮ್ದಿನ್ಸುರೆನ್ ಹುಟ್ಟಿದ್ದು 1908ರಲ್ಲಿ, ಪೂರ್ವ ಮಂಗೋಲಿಯಾದ ಮತಾದ್ ಸೀಮೆಯ ಹುಲ್ಲುಗಾವಲಿನಲ್ಲಿ, ಪಶುಪಾಲಕ ಕುಟುಂಬವೊಂದರಲ್ಲಿ. ಮಂಗೋಲರಲ್ಲಿ ತಂದೆಯ ಹೆಸರು ಷಷ್ಠೀ ವಿಭಕ್ತಿಯಲ್ಲಿ ಮೊದಲು ಬರುತ್ತದೆ. ಆದ್ದರಿಂದ ತ್ಸೆಂದಿನ್ ಎಂದರೆ ತ್ಸೆಂದ್ ಎಂಬಾತನ ಮಗ ಎಂದರ್ಥ. ದಾಮ್ದಿನ್ಸುರೆನ್ ಎಂಬುದು ಟಿಬೆಟನ್ ಮೂಲದ ಹೆಸರು. ದಾಮ್ದಿನ್ ಎಂದರೆ ಹಯಗ್ರೀವ. ಇಡೀ ಹೆಸರಿಗೆ ಹಯಗ್ರೀವನ ರಕ್ಷಣೆಯುಳ್ಳವನು ಎಂಬ ಅರ್ಥ ಬರುತ್ತದೆ. ಭಾರತದಲ್ಲಿ ಹುಟ್ಟಿ, ಟಿಬೆಟನ್ನು ಹಾದು, ಗೋಬಿ ಮರುಭೂಮಿಯ ಆಚೆಗೂ ತಲುಪಿದ ಬೌದ್ಧ ಸಂಸ್ಕೃತಿಯ ಹರವನ್ನು ಈ ಒಂದು ಹೆಸರೇ ಸೂಚಿಸುತ್ತದೆ. ಅವರ ಸಂಶೋಧನೆಯ ಕೊನೆಯ ಘಟ್ಟ ಇದೇ ದಾರಿಯ ಶೋಧವಾಗಿ ಪರಿಣಮಿಸಿದ್ದನ್ನು ಮುಂದೆ ಗಮನಿಸಬಹುದು.

ಅವರ ಬಾಲ್ಯ ಮತ್ತು ತಾರುಣ್ಯದ ಕಾಲ ಮಂಗೋಲಿಯಾದ ರಾಜಕೀಯ ಪಲ್ಲಟಗಳ ಕಾಲವೂ ಹೌದು. 1911ರಲ್ಲಿ ಮಂಚು ಸಾಮ್ರಾಜ್ಯದ ಹಿಡಿತ ಸಡಿಲಿತು. 1921ರಲ್ಲಿ ಕ್ರಾಂತಿ ನಡೆಯಿತು. 1924ರಲ್ಲಿ ಜನತಾ ಗಣರಾಜ್ಯದ ಘೋಷಣೆಯಾಯಿತು. ತರುಣ ದಾಮ್ದಿನ್ಸುರೆನ್ ಕ್ರಾಂತಿಕಾರಿ ಯುವಜನ ಸಂಘವನ್ನು ಸೇರಿ, ಅದರ ಪ್ರಕಟಣೆಗಳ ಸಂಪಾದನೆಯಲ್ಲಿ ತೊಡಗಿದರು. 1929ರಲ್ಲಿ ಲೇಖಕರ ಮೊದಲ ಬಳಗ ರೂಪುಗೊಂಡಾಗ ಅದರ ಆರಂಭಿಕ ಸದಸ್ಯರಲ್ಲಿ ಅವರೂ ಒಬ್ಬರಾಗಿದ್ದರು. ಅದೇ ವರ್ಷ ಪ್ರಕಟವಾದ 'ತಿರಸ್ಕೃತ ಹುಡುಗಿ' ಎಂಬ ನೀಳ್ಗತೆ ಆಧುನಿಕ ಮಂಗೋಲಿಯನ್ ಗದ್ಯದ ಮೊದಲ ಮುಖ್ಯ ಕೃತಿಗಳಲ್ಲಿ ಒಂದೆಂದು ಪರಿಗಣಿತವಾಗಿದೆ. ಬಡ ಹುಡುಗಿಯೊಬ್ಬಳು ಶ್ರೀಮಂತರ ಆಶ್ರಯದಲ್ಲಿ ಅನುಭವಿಸುವ ಅವಹೇಳನ ಮತ್ತು ಹೊಸ ಕಾಲದಲ್ಲಿ ಆಕೆಗೆ ದೊರೆಯುವ ಬಿಡುಗಡೆ ಇದರ ವಸ್ತು. ಪರಂಪರೆಯ ಕಾವ್ಯಗಳಲ್ಲಿ ಖಳನು ಗಡಿಯಾಚೆಯಿಂದ ಬರುತ್ತಾನೆ. ಇಲ್ಲಿ ಆತ ಅದೇ ಹುಲ್ಲುಗಾವಲಿನ ನೆರೆಯ ಗುಡಾರದಲ್ಲಿದ್ದಾನೆ. ಖಳನ ನೆಲೆಯಲ್ಲಿ ಆದ ಈ ಸ್ಥಾನಾಂತರ ದಾಮ್ದಿನ್ಸುರೆನ್ ಅವರ ಮುಂದಿನ ವಿದ್ವತ್ತಿಗೂ ಪೀಠಿಕೆಯಂತಿದೆ.

2

1933ರಲ್ಲಿ ಅವರು ಉನ್ನತ ವ್ಯಾಸಂಗಕ್ಕಾಗಿ ಲೆನಿನ್‌ಗ್ರಾಡಿಗೆ ತೆರಳಿದರು. ರಷ್ಯಾದ ಮಂಗೋಲ್ ಅಧ್ಯಯನದ ಹಳೆಯ ಪರಂಪರೆ ಆ ನಗರದಲ್ಲಿತ್ತು. ಒಯಿರಾತ್ ಹಾಡುಗಾರರಿಂದ ವೀರಕಾವ್ಯಗಳನ್ನು ಸಂಗ್ರಹಿಸಿ 1923ರಲ್ಲಿ ಪ್ರಕಟಿಸಿದ್ದ ಬೋರಿಸ್ ವ್ಲಾದಿಮಿರ್ತ್ಸೊವ್ 1931ರಲ್ಲಿ ತೀರಿಕೊಂಡಿದ್ದರೂ ಅವರು ಹಾಕಿಕೊಟ್ಟ ದಾರಿ ಜೀವಂತವಾಗಿತ್ತು. ದೂರದ ನಗರದಲ್ಲಿದ್ದುಕೊಂಡು 1934ರಲ್ಲಿ ದಾಮ್ದಿನ್ಸುರೆನ್ ಬರೆದ, ನರೆಗೂದಲ ತಾಯಿಯನ್ನು ಕುರಿತ ಕವಿತೆ ಮಂಗೋಲಿಯಾದ ಮನೆಮಾತಾಯಿತು.

ಅವರು ಹೊರಗಿದ್ದ ಅವಧಿಯಲ್ಲಿಯೇ ಸ್ವದೇಶದ ಚಿತ್ರ ಬದಲಾಯಿತು. 1937ರಿಂದ 1939ರವರೆಗೆ ನಡೆದ ದಮನದಲ್ಲಿ ಸಾವಿರಾರು ಲಾಮಾಗಳು ಕೊಲೆಗೀಡಾದರು; ಬೌದ್ಧ ವಿಹಾರಗಳು ನೆಲಸಮವಾದವು. ಲೇಖಕರ ಮೊದಲ ಬಳಗದ ಪ್ರಮುಖ ಸದಸ್ಯರಾಗಿದ್ದ ಸೊನೊಂಬಾಲ್ಜಿರಿನ್ ಬುಯನ್ನೆಮೆಖ್ ಅವರಿಗೆ 1937ರಲ್ಲಿ ಮರಣದಂಡನೆಯಾಯಿತು. ಅದೇ ವರ್ಷ ಕವಿ ದಾಶ್‌ದೋರ್ಜಿನ್ ನತ್ಸಗ್ದೋರ್ಜ್ ತೀರಿಕೊಂಡರು. 1938ರಲ್ಲಿ ದಾಮ್ದಿನ್ಸುರೆನ್ ಹಿಂತಿರುಗುವ ವೇಳೆಗೆ ಶತ್ರು ಎಂಬ ಪದ ಕಾವ್ಯದ ಪರಿಭಾಷೆಯಿಂದ ಆಡಳಿತದ ಪರಿಭಾಷೆಗೆ ದಾಟಿತ್ತು. ನಿನ್ನೆಯ ಸಂಗಾತಿ ಇಂದಿನ ದ್ರೋಹಿಯಾಗುವ ವಾತಾವರಣ ಅದು. ಯಾರನ್ನು ಖಳನೆಂದು ಹೆಸರಿಸಬೇಕು ಮತ್ತು ಹೆಸರಿಸುವ ಅಧಿಕಾರ ಯಾರದ್ದು ಎಂಬ ಪ್ರಶ್ನೆಗಳು ಸಾಹಿತ್ಯ ವಿದ್ಯಾರ್ಥಿಯೊಬ್ಬನಿಗೆ ಕೇವಲ ತಾತ್ತ್ವಿಕ ಪ್ರಶ್ನೆಗಳಾಗಿ ಉಳಿಯುವುದು ಸಾಧ್ಯವಿರಲಿಲ್ಲ.

ಮುಂದಿನ ದಶಕದಲ್ಲಿ ಅವರು ಪ್ರಭುತ್ವದ ಸಾಂಸ್ಕೃತಿಕ ಯೋಜನೆಗಳಲ್ಲಿ ನೇರವಾಗಿ ಭಾಗಿಯಾದರು. ಸಿರಿಲಿಕ್ ಲಿಪಿಯನ್ನು ಅಳವಡಿಸಿಕೊಳ್ಳುವ ನಿರ್ಧಾರ 1941ರಲ್ಲಿ ಆಯಿತು. 1946ರ ವೇಳೆಗೆ ಅದು ಅಧಿಕೃತವಾಗಿ ಬಳಕೆಗೆ ಬಂದಿತು. ಹೊಸ ಕಾಗುಣಿತದ ನಿಯಮಗಳನ್ನು ರೂಪಿಸಿದವರಲ್ಲಿ ದಾಮ್ದಿನ್ಸುರೆನ್ ಮುಖ್ಯರು. 1942ರಿಂದ 1946ರವರೆಗೆ ಪಕ್ಷದ ಪತ್ರಿಕೆ 'ಊನೆನ್'ನ ಸಂಪಾದಕರಾಗಿದ್ದರು. 1950ರಲ್ಲಿ ಅಂಗೀಕೃತವಾದ ರಾಷ್ಟ್ರಗೀತೆಯ ಸಾಹಿತ್ಯವೂ ಅವರದೇ. ಲಿಪಿಯ ಬದಲಾವಣೆ ಸಾಕ್ಷರತೆಯ ವಿಸ್ತರಣೆಗೆ ನೆರವಾಯಿತು; ಜೊತೆಗೆ ಹಳೆಯ ಲಂಬಲಿಪಿಯ ಗ್ರಂಥರಾಶಿಯಿಂದ ಹೊಸ ತಲೆಮಾರನ್ನು ದೂರ ಮಾಡಿತು. ಈ ನಷ್ಟವನ್ನು ತುಂಬುವ ಹೊಣೆಯನ್ನೂ ಅವರು ಹೊತ್ತರು. 1959ರಲ್ಲಿ ಹಳೆಯ ಲಿಪಿಯಲ್ಲಿಯೇ ಅವರು ಪ್ರಕಟಿಸಿದ, ಪ್ರಾಚೀನ ಸಾಹಿತ್ಯದ ನೂರು ಮಾದರಿಗಳ ಸಂಕಲನ ಇಂದಿಗೂ ಈ ಕ್ಷೇತ್ರದ ಮೂಲಭೂತ ಆಕರವಾಗಿದೆ.

3

1947ರಲ್ಲಿ ಪ್ರಕಟವಾದ 'ಮಂಗೋಲರ ರಹಸ್ಯ ಚರಿತ್ರೆ'ಯ ಆಧುನಿಕ ರೂಪಾಂತರ ದಾಮ್ದಿನ್ಸುರೆನ್ ಅವರ ಅತ್ಯಂತ ಜನಪ್ರಿಯ ಕೃತಿ. ಹದಿಮೂರನೆಯ ಶತಮಾನದಲ್ಲಿ ರಚಿತವಾದ ಈ ಗ್ರಂಥದ ಮಂಗೋಲಿಯನ್ ಪಠ್ಯ ಚೀನೀ ಅಕ್ಷರಗಳ ಲಿಪ್ಯಂತರದಲ್ಲಿ ಉಳಿದುಬಂದಿತ್ತು. ವಿದ್ವಾಂಸರಿಗೆ ಮಾತ್ರ ನಿಲುಕುತ್ತಿದ್ದ ಕೃತಿಯನ್ನು ಅವರು ಸಾಮಾನ್ಯ ಓದುಗರ ಭಾಷೆಗೆ ತಂದರು. ಗದ್ಯಪದ್ಯಗಳು ಬೆರೆತ ಮೂಲದ ಬಂಧವನ್ನೂ ಆದಿಪ್ರಾಸದ ಲಯವನ್ನೂ ಉಳಿಸಿಕೊಂಡರು.

ರಹಸ್ಯ ಚರಿತ್ರೆ ಚರಿತ್ರೆಯೂ ಹೌದು, ವೀರಕಾವ್ಯದ ಗುಣವುಳ್ಳ ಕಥನವೂ ಹೌದು. ಖಳನನ್ನು ಅದು ನಿರ್ವಹಿಸುವ ಬಗೆ ವಿಶಿಷ್ಟವಾದುದು. ಚಿಂಗಿಸ್ ಖಾನನ ಪ್ರಬಲ ಎದುರಾಳಿಯಾದ ಜಮೂಖ ಆತನ ಬಾಲ್ಯದ ಸಂಗಾತಿ. ಅಂಡಾ ಎಂಬ ಪ್ರತಿಜ್ಞಾಬದ್ಧ ಸೋದರತ್ವದಿಂದ ಆತನಿಗೆ ಕಟ್ಟುಬಿದ್ದವನು. ನೈಮನರ ತಾಯಂಗ್ ಖಾನನ ಪಕ್ಷದಲ್ಲಿ ನಿಂತಿದ್ದರೂ ಚಿಂಗಿಸನ ಸೇನಾನಿಗಳ ಪರಾಕ್ರಮವನ್ನು ಅದ್ಭುತವಾಗಿ ವರ್ಣಿಸುವವನು ಜಮೂಖನೇ. ನಾಯಕನ ಸೇನೆಯ ಶ್ರೇಷ್ಠ ಸ್ತುತಿಯನ್ನು ಕಾವ್ಯ ಎದುರಾಳಿಯ ಬಾಯಿಂದಲೇ ಹೇಳಿಸುತ್ತದೆ. ಜಮೂಖನನ್ನು ಆತನ ಅನುಚರರೇ ಹಿಡಿದು ಒಪ್ಪಿಸಿದಾಗ ಚಿಂಗಿಸ್ ಮೊದಲು ಕೊಲ್ಲಿಸುವುದು ಆ ಅನುಚರರನ್ನು, ತಮ್ಮ ಒಡೆಯನ ಮೇಲೆ ಕೈ ಮಾಡಿದ ಅಪರಾಧಕ್ಕಾಗಿ. ಜಮೂಖನಿಗೆ ರಕ್ತ ನೆಲಕ್ಕೆ ಬೀಳದಂಥ ಗೌರವದ ಸಾವು ದೊರೆಯುತ್ತದೆ. ಎದುರು ನಿಂತು ಹೋರಾಡುವುದಕ್ಕಿಂತ ನಂಬಿಕೆಗೆ ಎರವಾಗುವುದು ದೊಡ್ಡ ಪಾತಕ ಎಂಬ ಮೌಲ್ಯಕ್ರಮ ಇಲ್ಲಿ ಸ್ಪಷ್ಟವಾಗಿದೆ.

ಮೌಖಿಕ ವೀರಕಾವ್ಯಗಳ ಜಗತ್ತಿನಲ್ಲಿ ಖಳನ ಇನ್ನೊಂದು ಮುಖ ಕಾಣುತ್ತದೆ. ತೂಲಿ ಎಂದು ಕರೆಯಲಾಗುವ ಈ ಕಾವ್ಯಗಳ ಪ್ರಧಾನ ಖಳ ಮಂಗಸ್ ಎಂಬ ಬಹುಶಿರಗಳ ದೈತ್ಯ. ಹನ್ನೆರಡು, ಹದಿನೈದು, ತೊಂಬತ್ತೈದು ಹೀಗೆ ಆತನ ತಲೆಗಳ ಸಂಖ್ಯೆ ಕಾವ್ಯದಿಂದ ಕಾವ್ಯಕ್ಕೆ ಬದಲಾಗುತ್ತದೆ. ಅವನ ಪ್ರಾಣ ದೇಹದಲ್ಲಿರುವುದಿಲ್ಲ. ದೂರದ ಪ್ರಾಣಿಯೊಂದರಲ್ಲೋ ಬೇರೊಂದು ಅಡಗುದಾಣದಲ್ಲೋ ಇರುತ್ತದೆ. ಮಂಗಸ್ ಮಾಡುವ ಕೇಡಿಗೆ ನಿರ್ದಿಷ್ಟ ಸ್ವರೂಪವಿದೆ: ನಾಯಕನಿಲ್ಲದ ಹೊತ್ತಿನಲ್ಲಿ ಬಂದು ಹೆಂಡತಿಯನ್ನು, ಪ್ರಜೆಗಳನ್ನು, ಹಿಂಡುಗಳನ್ನು ಸೆಳೆದೊಯ್ಯುವುದು, ಹುಲ್ಲುಗಾವಲನ್ನು ಬರಿದು ಮಾಡುವುದು. ನಾಯಕ ಹಿಂತಿರುಗಿದಾಗ ಕಾಣುವುದು ತಣ್ಣಗಾದ ಒಲೆ, ಗುಡಾರ ಕಿತ್ತ ಗುರುತು. ಅಲೆಮಾರಿ ಪಶುಪಾಲಕರ ಬದುಕಿನಲ್ಲಿ ನೆಲದ ಒಡೆತನಕ್ಕಿಂತ ಜನ ಮತ್ತು ಪಶುಗಳ ಕೂಡುವಿಕೆ ಮುಖ್ಯ. ಅದನ್ನು ಚದುರಿಸುವ ಶಕ್ತಿಯೇ ಖಳತನ. ಕೆಲವು ಕಾವ್ಯಗಳಲ್ಲಿ ನಾಯಕನು ಮಂಗಸನ ಹೊಟ್ಟೆಯನ್ನು ಸೀಳಿದಾಗ ನುಂಗಲ್ಪಟ್ಟ ಜನರೂ ದನಕರುಗಳೂ ಜೀವಂತವಾಗಿ ಹೊರಬರುತ್ತಾರೆ. ಲೋಕವನ್ನು ಮತ್ತೆ ತುಂಬಿಸುವ ಈ ಘಟನೆಯಲ್ಲಿ ಶತ್ರುವಧೆಯ ಆಚೆಗಿನ ಆಚರಣಾತ್ಮಕ ಅರ್ಥವಿದೆ. ಪಶ್ಚಿಮ ಮಂಗೋಲಿಯಾದಲ್ಲಿ ಆಲ್ತಾಯ್ ಪರ್ವತದ ಸ್ತುತಿಯೊಡನೆ ಹಾಡುಗಾರಿಕೆ ಆರಂಭವಾಗುವುದನ್ನೂ ಕಾವ್ಯದ ಹಾಡುಗಾರಿಕೆಗೆ ಕೇಡನ್ನು ದೂರವಿಡುವ ಶಕ್ತಿಯಿದೆ ಎಂಬ ನಂಬಿಕೆಯನ್ನೂ ಈ ಹಿನ್ನೆಲೆಯಲ್ಲಿ ಗ್ರಹಿಸಬೇಕಾಗುತ್ತದೆ.

4

ದಾಮ್ದಿನ್ಸುರೆನ್ ಅವರ ವಿದ್ವತ್ತು ನಿಜವಾದ ಒರೆಗೆ ಬಿದ್ದದ್ದು ಗೆಸೆರ್ ಕಾವ್ಯದ ವಿಷಯದಲ್ಲಿ. ಟಿಬೆಟನ್ನರು, ಮಂಗೋಲರು, ಬುರ್ಯಾತರು ತಮ್ಮ ತಮ್ಮ ರೂಪಗಳಲ್ಲಿ ಹಾಡಿಕೊಂಡುಬಂದ ಈ ಮಹಾಕಾವ್ಯದ ಮಂಗೋಲಿಯನ್ ಪಾಠ ಏಳು ಅಧ್ಯಾಯಗಳಲ್ಲಿ 1716ರಲ್ಲಿ ಬೀಜಿಂಗಿನಲ್ಲಿ ಮರದ ಅಚ್ಚಿನಿಂದ ಮುದ್ರಿತವಾಯಿತು. ಐ. ಯಾ. ಶ್ಮಿಟ್ ಈ ಪಾಠವನ್ನು 1836ರಲ್ಲಿಯೂ ಅದರ ಜರ್ಮನ್ ಅನುವಾದವನ್ನು 1839ರಲ್ಲಿಯೂ ಪ್ರಕಟಿಸಿದರು.

ಗೆಸೆರ್ ಕಾವ್ಯದ ಖಳವರ್ಗ ವೈವಿಧ್ಯಮಯವಾದುದು. ನಾಯಕನ ಪತ್ನಿಯನ್ನು ವಶಪಡಿಸಿಕೊಂಡ ಹನ್ನೆರಡು ತಲೆಗಳ ಮಂಗಸ್ ಒಂದು ಕಡೆ. ಮತ್ತೊಬ್ಬ ಪತ್ನಿ ರೊಗ್ಮೊಗೋವಾಳಿಗಾಗಿ ದಂಡೆತ್ತಿ ಬರುವ ಶರಾಯ್‌ಗೋಲಿನ ಮೂವರು ಖಾನರು ಇನ್ನೊಂದು ಕಡೆ. ಇವರಿಬ್ಬರ ನಡುವೆ ನಾಯಕನ ಚಿಕ್ಕಪ್ಪ ಚೋತೊಂಗ್ ಇದ್ದಾನೆ. ಹೇಡಿ, ಆಸೆಬುರುಕ, ಸಂದರ್ಭ ನೋಡಿ ಶತ್ರುಪಕ್ಷಕ್ಕೆ ವಾಲುವವನು. ಆದರೂ ಕಥೆಯಲ್ಲಿ ಮತ್ತೆ ಮತ್ತೆ ಉಳಿದುಕೊಳ್ಳುವವನು. ಆರನೆಯ ಅಧ್ಯಾಯದಲ್ಲಿ ಮಂಗಸ್ ಲಾಮಾನ ವೇಷ ತಳೆದು ಬರುತ್ತಾನೆ. ಆಶೀರ್ವಾದ ಪಡೆಯಲು ಬಾಗಿದ ಗೆಸೆರನನ್ನು ಕತ್ತೆಯನ್ನಾಗಿ ಮಾಡುತ್ತಾನೆ. ಮಠೀಯ ಬೌದ್ಧಧರ್ಮ ಪ್ರಬಲವಾಗಿದ್ದ ಕಾಲದಲ್ಲಿ, ಚಕ್ರವರ್ತಿಯ ರಾಜಧಾನಿಯಲ್ಲಿಯೇ ಈ ಭಾಗ ಅಚ್ಚಾಯಿತು ಎಂಬುದು ಗಮನಾರ್ಹ. ಜನಪದರ ಖಳಕಲ್ಪನೆ ಅಧಿಕೃತ ಧರ್ಮದ ಶ್ರೇಣಿಗಳಿಗೆ ಪೂರ್ಣವಾಗಿ ಅಧೀನವಾಗಿರಲಿಲ್ಲ.

ಇಪ್ಪತ್ತನೆಯ ಶತಮಾನದ ನಾಲ್ಕನೆಯ ದಶಕದಿಂದಾಚೆಗೆ ಸೋವಿಯತ್ ಒಕ್ಕೂಟದಲ್ಲಿ ವೀರಕಾವ್ಯಗಳೇ ಆರೋಪಿಗಳ ಸ್ಥಾನದಲ್ಲಿ ನಿಂತವು. 1940ರಲ್ಲಿ ಕಲ್ಮೀಕರ 'ಜಾಂಗರ್' ಕಾವ್ಯದ ಐದುನೂರನೆಯ ವರ್ಷದ ಉತ್ಸವ ಅದ್ದೂರಿಯಾಗಿ ನಡೆದಿತ್ತು. 1943ರ ಡಿಸೆಂಬರಿನಲ್ಲಿ ಇಡೀ ಕಲ್ಮೀಕ್ ಜನಾಂಗವನ್ನೇ ಸೈಬೀರಿಯಾದತ್ತ ಗಡೀಪಾರು ಮಾಡಲಾಯಿತು. 1944ರಲ್ಲಿ ತಾತಾರರ 'ಇದೆಗೇಯ್' ಕಾವ್ಯ ಖಂಡನೆಗೊಳಗಾಯಿತು. 1948ರಲ್ಲಿ ಬುರ್ಯಾತ್-ಮಂಗೋಲ್ ಸ್ವಾಯತ್ತ ಗಣರಾಜ್ಯದಲ್ಲಿ ಗೆಸೆರ್ ಕಾವ್ಯವನ್ನು ಊಳಿಗಮಾನ್ಯ ಖಾನರ ಕಾವ್ಯವೆಂದು ನಿಂದಿಸಲಾಯಿತು. ಶತಮಾನಗಳಿಂದ ಮಂಗಸನನ್ನು ಕೊಂದು ಲೋಕವನ್ನು ಉಳಿಸಿದವನೆಂದು ಜನ ಹಾಡಿದ ನಾಯಕನೇ ಹೊಸ ವ್ಯವಸ್ಥೆಯ ಕಣ್ಣಿಗೆ ಖಳನಾದನು.

ಈ ಖಂಡನೆಗೆ ವಿದ್ವತ್ತಿನ ಒಂದು ನಿಲುವೂ ಆಧಾರ ಒದಗಿಸುವಂತಿತ್ತು. 1935ರಲ್ಲಿ ಗೆಸೆರ್ ಕಾವ್ಯವನ್ನು ರಷ್ಯನ್ ಭಾಷೆಗೆ ತಂದ ಸೆರ್ಗೇಯ್ ಕೋಜಿನ್, ಗೆಸೆರನಲ್ಲಿ ಚಿಂಗಿಸ್ ಖಾನನ ಪ್ರತಿಬಿಂಬವನ್ನು ಕಂಡಿದ್ದರು. ಚಿಂಗಿಸನನ್ನು ಆಕ್ರಮಣಕಾರನೆಂದೇ ಕಾಣುತ್ತಿದ್ದ ಕಾಲದಲ್ಲಿ ಈ ಸಮೀಕರಣ ಕಾವ್ಯಕ್ಕೆ ಅಪಾಯಕಾರಿಯಾಗಿತ್ತು. ಗೆಸೆರ್ ಯಾರು ಎಂಬ ಮೂಲಶೋಧದ ಪ್ರಶ್ನೆಗೆ ಹೀಗೆ ತೀರ್ಪಿನ ಭಾರ ಬಂದಿತು. ದಾಮ್ದಿನ್ಸುರೆನ್ ಲೆನಿನ್‌ಗ್ರಾಡಿನಲ್ಲಿ ಮುಂದುವರಿಸಿದ ಸಂಶೋಧನೆ ಈ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿತು. ಅದರ ಪರಿಪಕ್ವ ರೂಪ 'ಗೆಸೆರ್ ಕಾವ್ಯದ ಐತಿಹಾಸಿಕ ಬೇರುಗಳು' ಎಂಬ ರಷ್ಯನ್ ಗ್ರಂಥವಾಗಿ 1957ರಲ್ಲಿ ಮಾಸ್ಕೋದಲ್ಲಿ ಪ್ರಕಟವಾಯಿತು.

ಗೆಸೆರನನ್ನು ಚಿಂಗಿಸನೊಡನೆಯಾಗಲಿ ಚೀನೀಯರ ಯುದ್ಧದೇವತೆ ಗುವಾನ್‌ದಿಯೊಡನೆಯಾಗಲಿ ಒಂದುಗೂಡಿಸುವುದನ್ನು ಅವರು ಒಪ್ಪಲಿಲ್ಲ. ಮಂಚು ಆಳ್ವಿಕೆಯ ಕಾಲದಲ್ಲಿ ಗುವಾನ್‌ದಿಯ ಗುಡಿಗಳನ್ನು ಮಂಗೋಲರು ಗೆಸೆರನ ಗುಡಿಗಳೆಂದು ಕರೆಯುತ್ತಿದ್ದರು. ಎರಡನೆಯ ಸಮೀಕರಣ ಬೆಳೆಯಲು ಇಂಥ ರೂಢಿ ಪೋಷಕವಾಗಿತ್ತು. ಟಿಬೆಟನ್ ಮತ್ತು ಮಂಗೋಲಿಯನ್ ಪಾಠಗಳನ್ನು ತೌಲನಿಕವಾಗಿ ಪರಿಶೀಲಿಸಿ, ಹನ್ನೊಂದನೆಯ ಶತಮಾನದಲ್ಲಿ ಆಮ್ದೋ ಪ್ರದೇಶವನ್ನು ಆಳಿದ ಗುಸಿಲುವೊ ಎಂಬ ಟಿಬೆಟನ್ ಅರಸನೇ ಗೆಸೆರನ ಐತಿಹಾಸಿಕ ಮೂಲ ಎಂಬ ನಿರ್ಣಯಕ್ಕೆ ಅವರು ಬಂದರು. 997ರಿಂದ 1065ರವರೆಗೆ ಜೀವಿಸಿದ್ದ ಈ ಅರಸನನ್ನು ಬಾಲ್ಯದಲ್ಲಿಯೇ ಪಶ್ಚಿಮದಿಂದ ಕರೆತಂದು ಸ್ಥಳೀಯ ಮುಖಂಡರು ಪಟ್ಟಕ್ಕೇರಿಸಿದ್ದರು. ಅನಂತರ ಆತ ಅವರ ಹಿಡಿತದಿಂದ ಬಿಡಿಸಿಕೊಂಡು, ತಂಗುತರ ರಾಜ್ಯದ ಎದುರು ತನ್ನ ಜನರನ್ನು ಉಳಿಸಿಕೊಂಡನು. ಆಕ್ರಮಿಸಿದವನ ಬದಲು ಆಕ್ರಮಣವನ್ನು ತಡೆದವನು ಕಾವ್ಯದ ಮೂಲದಲ್ಲಿದ್ದಾನೆ ಎಂಬುದು ಈ ನಿರ್ಣಯದ ಫಲಿತಾರ್ಥ. ಕಾವ್ಯದ ಜನಪದ ಸ್ವರೂಪವನ್ನೂ ಅದರಲ್ಲಿನ ಲಾಮಾ ವಿಡಂಬನೆಯನ್ನೂ ದುಷ್ಟ ಖಾನರ ಚಿತ್ರಣವನ್ನೂ ಅವರು ಒತ್ತಿ ಹೇಳಿದರು. ಅಷ್ಟರಲ್ಲಿ 1953ರಲ್ಲಿ ಉಲಾನ್-ಉದೆಯಲ್ಲಿ ನಡೆದ ಸಮ್ಮೇಳನ ಬುರ್ಯಾತ್ ಗೆಸೆರ್ ಕಾವ್ಯದ ಜನಪದ ಸ್ವರೂಪವನ್ನು ಒಪ್ಪಿಕೊಂಡಿತ್ತು. ಅನಂತರ ಬಂದ ಈ ಗ್ರಂಥ ಕಾವ್ಯದ ಅಧ್ಯಯನಕ್ಕೆ ದೃಢವಾದ ತಳಹದಿಯನ್ನು ಒದಗಿಸಿತು.

5

ಈ ವಾದದ ಸಾಧನೆಯ ಜೊತೆಗೆ ಅದರ ಮಿತಿಯನ್ನೂ ಗುರುತಿಸಬೇಕು. ಮಹಾಕಾವ್ಯವೊಂದರ ನಾಯಕನನ್ನು ಒಬ್ಬನೇ ಐತಿಹಾಸಿಕ ವ್ಯಕ್ತಿಗೆ ಇಳಿಸುವ ವಿಧಾನ ಮುಂದೆ ಪ್ರಶ್ನೆಗೊಳಗಾಯಿತು. 1959ರಲ್ಲಿ ಪ್ರಕಟವಾದ ಆರ್. ಎ. ಸ್ಟೈನ್ ಅವರ ಫ್ರೆಂಚ್ ಅಧ್ಯಯನ ಹೆಸರು, ಪುರಾಣ, ಆಚರಣೆಗಳ ಹಲವು ಪದರಗಳು ಗೆಸೆರನಲ್ಲಿ ಸೇರಿರುವುದನ್ನು ತೋರಿಸಿತು. ಖಳರ ವಿಷಯದಲ್ಲಿ ಈ ಮಿತಿ ಇನ್ನೂ ಸ್ಪಷ್ಟ. ಲಾಮಾ ವೇಷದ ಮಂಗಸನನ್ನು ಪುರೋಹಿತವರ್ಗದ ವಿಮರ್ಶೆಯೆಂದು ಓದಿದರೆ ಕಾವ್ಯಕ್ಕೆ ಪ್ರಭುತ್ವದ ಒಪ್ಪಿಗೆ ಸುಲಭವಾಗಿ ಸಿಗುತ್ತದೆ. ಆದರೆ ವೇಷಕ್ಕೂ ವೇಷಧಾರಿಗೂ ಇರುವ ಅಂತರ ಮರೆಯಾಗುತ್ತದೆ. ಕಾವ್ಯ ಹೇಳುವುದು ಲಾಮಾ ದೈತ್ಯನಾದ ಕಥೆಯನ್ನಲ್ಲ, ದೈತ್ಯ ಲಾಮಾನಂತೆ ಕಂಡ ಕಥೆಯನ್ನು. ಪೂಜ್ಯವಾದುದರ ಮುಖವಾಡ ತೊಟ್ಟು ಬರುವ ಕೇಡನ್ನು ನಾಯಕನೂ ಗುರುತಿಸಲಾರ ಎಂಬ ಆತಂಕ ಅಲ್ಲಿದೆ. ಲಾಮಾಗಳ ಸಾಮೂಹಿಕ ಹತ್ಯೆ ನಡೆದು ಇಪ್ಪತ್ತು ವರ್ಷವೂ ಕಳೆದಿರದ ಹೊತ್ತಿನಲ್ಲಿ ಈ ಅಧ್ಯಾಯವನ್ನು ಹೀಗೆ ಬಿಡಿಸಿ ಬರೆಯಲು ಎಷ್ಟು ಅವಕಾಶವಿತ್ತು ಎಂಬುದನ್ನೂ ಪರಿಗಣಿಸಬೇಕಾಗುತ್ತದೆ. ಸಿಕ್ಕ ಪರಿಭಾಷೆಯಲ್ಲಿಯೇ ವಾದಿಸಿ ಕಾವ್ಯದ ಪಠ್ಯವನ್ನು ಉಳಿಸಿದ್ದು ದಾಮ್ದಿನ್ಸುರೆನ್ ಅವರ ಆಯ್ಕೆ. ಪಠ್ಯ ಉಳಿದದ್ದರಿಂದಲೇ ಅವರ ಓದನ್ನು ಮೀರುವ ಓದುಗಳು ಇಂದು ಸಾಧ್ಯವಾಗಿವೆ.

1959ರಿಂದ ಅವರು ಭಾಷಾ ಮತ್ತು ಸಾಹಿತ್ಯ ಸಂಸ್ಥೆಯ ಮುಖ್ಯಸ್ಥರಾಗಿ ದುಡಿದರು. 1957ರಿಂದ 1976ರವರೆಗೆ ಮೂರು ಸಂಪುಟಗಳಲ್ಲಿ ಹೊರಬಂದ ಮಂಗೋಲಿಯನ್ ಸಾಹಿತ್ಯ ಚರಿತ್ರೆ ಅವರ ನೇತೃತ್ವದ ಫಲ. ಕೊನೆಯ ದಶಕಗಳಲ್ಲಿ ಅವರ ಆಸಕ್ತಿ ಭಾರತೀಯ ಮೂಲದ ಕಥನಗಳತ್ತ ಹೆಚ್ಚಾಗಿ ಹರಿಯಿತು. ಭೋಜರಾಜನು ಅರ್ಜಿ ಬೋರ್ಜಿ ಖಾನನಾಗಿ, ಬೇತಾಳನ ಕಥೆಗಳು ಹೊಸ ವೇಷದಲ್ಲಿ ಮಂಗೋಲರ ನಡುವೆ ನೆಲೆಸಿದ್ದವು. 1979ರಲ್ಲಿ ಮಾಸ್ಕೋದಲ್ಲಿ ಪ್ರಕಟವಾದ 'ಮಂಗೋಲಿಯಾದಲ್ಲಿ ರಾಮಾಯಣ' ಎಂಬ ಅವರ ಗ್ರಂಥ ಈ ಸರಣಿಯ ಶಿಖರ. ಟಿಬೆಟನ್ ಭಾಷೆಯ ಮೂಲಕ ಬಂದ ರಾಮಕಥೆಯ ವಿವಿಧ ರೂಪಗಳನ್ನು ಅವರು ಅಲ್ಲಿ ಒಂದೆಡೆ ತಂದರು. ಸಂಸ್ಕೃತದ ರಾಕ್ಷಸ ಶಬ್ದಕ್ಕೆ ಮಂಗೋಲಿಯನ್ ಅನುವಾದಕರು ಬಳಸಿದ ಪದ ಮಂಗಸ್. ಹುಲ್ಲುಗಾವಲಿನ ಬಹುಶಿರ ದೈತ್ಯನೂ ಲಂಕೆಯ ದಶಶಿರನೂ ಒಂದೇ ಹೆಸರಿನಡಿ ಬಂದದ್ದರಿಂದ ದೂರದ ರಾವಣ ಮಂಗೋಲರಿಗೆ ಪರಿಚಿತನಾದನು; ಹೆಂಡತಿಯನ್ನು ಅಪಹರಿಸುವ ಖಳನ ಕಥೆಯಂತೂ ಅವರಿಗೆ ಮೊದಲೇ ತಿಳಿದಿತ್ತು.

ಕನ್ನಡದ ಅಧ್ಯಯನಕಾರರಿಗೆ ಈ ಗ್ರಂಥ ತೆರೆದಿಡುವ ದಾರಿ ಮುಖ್ಯವಾದುದು. ದುನ್‌ಹುವಾಂಗಿನಲ್ಲಿ ದೊರೆತ ಪ್ರಾಚೀನ ಟಿಬೆಟನ್ ರಾಮಕಥೆಯಲ್ಲಿ ಸೀತೆ ದಶಗ್ರೀವನ ಮಗಳು; ಕೇಡು ತರುವಳೆಂಬ ಭೀತಿಯಿಂದ ನೀರಿಗೆ ಬಿಡಲ್ಪಟ್ಟವಳು. ಗುಣಭದ್ರನ ಉತ್ತರಪುರಾಣದಲ್ಲಿಯೂ ಸೀತೆ ರಾವಣನ ಮಗಳೇ. ರಾವಣನ ಸೀನಿನಿಂದ ಸೀತೆ ಹುಟ್ಟಿದಳೆಂದು ಹಾಡುವ ಕನ್ನಡ ಜನಪದ ರಾಮಾಯಣವೂ ಇದೇ ಬಂಧವನ್ನು ಬೇರೊಂದು ರೀತಿಯಲ್ಲಿ ಕಾಣಿಸುತ್ತದೆ. ಅಪಹರಿಸಿದವನೇ ತಂದೆಯೂ ಆದಾಗ ಖಳನು ಹೊರಗಿನವನಾಗಿ ಉಳಿಯುವುದಿಲ್ಲ. ಜಮೂಖ, ಚೋತೊಂಗರಂತೆ ಆತನೂ ಸಂಬಂಧದ ಒಳಗಿನಿಂದಲೇ ಬರುತ್ತಾನೆ.

ದಾಮ್ದಿನ್ಸುರೆನ್ 1986ರಲ್ಲಿ ನಿಧನರಾದರು. ಮಂಗೋಲಿಯಾದ ಏಕಪಕ್ಷ ವ್ಯವಸ್ಥೆ ಕೊನೆಗೊಂಡದ್ದನ್ನಾಗಲಿ, 1995ರಲ್ಲಿ ಬುರ್ಯಾತಿಯಾ ಗೆಸೆರ್ ಕಾವ್ಯದ ಸಹಸ್ರಮಾನೋತ್ಸವವನ್ನು ಆಚರಿಸಿದ್ದನ್ನಾಗಲಿ ಅವರು ಕಾಣಲಿಲ್ಲ. 2009ರಲ್ಲಿ ಮಂಗೋಲ್ ತೂಲಿ ಪರಂಪರೆ ತುರ್ತು ರಕ್ಷಣೆಯ ಅಗತ್ಯವಿರುವ ಅಮೂರ್ತ ಪರಂಪರೆಗಳ ಯುನೆಸ್ಕೋ ಪಟ್ಟಿಗೆ ಸೇರಿತು. ಹಾಡುಗಾರರ ಸಂಖ್ಯೆ ಕ್ಷೀಣಿಸುತ್ತಿರುವಾಗ ಮುದ್ರಿತ ಪಾಠಗಳ ಮಹತ್ವ ಹೆಚ್ಚುತ್ತದೆ. ಆ ಪಾಠಗಳಲ್ಲಿನ ಖಳರನ್ನು ವರ್ಗಶತ್ರು, ಜನಾಂಗಶತ್ರು ಎಂಬ ಸಿದ್ಧ ಚೌಕಟ್ಟುಗಳಿಂದ ಹೊರತಂದು, ಸಮುದಾಯದ ಭಯ, ಬಾಂಧವ್ಯ, ನಂಬಿಕೆಗಳ ನೆಲೆಯಲ್ಲಿ ಮತ್ತೆ ಓದುವುದು ದಾಮ್ದಿನ್ಸುರೆನ್ ಅವರು ಉಳಿಸಿಕೊಟ್ಟ ಆಕರಗಳು ಅಪೇಕ್ಷಿಸುವ ಮುಂದಿನ ಕೆಲಸವಾಗಿದೆ. ರಾವಣನ ಹಲವು ರೂಪಗಳನ್ನು ಬಲ್ಲ ಕನ್ನಡದ ತೌಲನಿಕ ಅಧ್ಯಯನ ಈ ಕೆಲಸದಲ್ಲಿ ತನ್ನ ಪಾಲನ್ನು ಸಲ್ಲಿಸಬಲ್ಲುದು.